ಸಮುದ್ರಕ್ಕೆ ಹೊರಟ ಕ್ರೂಸರ್ ಆಲಮಟ್ಟಿಯಲ್ಲಿ ನಿಂತಿತು!

ಚಿತ್ರರಸಿಕ ಮಿತ್ರರೆ, ನಮ್ಮ ಸಿನಿಮಾದವರಿಗೆ ಹಾಡು ಅಂದಕೂಡಲೇ ನೆನಪಾಗುವುದು ಎರಡೇ ಜಾಗ. ಒಂದು ಮಲೆನಾಡು, ಇನ್ನೊಂದು ಕಡಲು. ನಾಯಕಿಯ ಸೆರಗು ಹಾರಬೇಕಾದರೆ ಕಡಲ ಗಾಳಿಯೇ ಬೀಸಬೇಕು. ನಾಯಕ ಒಂಟಿಯಾಗಿ ಅಳಬೇಕಾದರೆ ಅಲೆ ಬಂದು ಅವನ ಪ್ಯಾಂಟಿನ ತುದಿ ಒದ್ದೆ ಮಾಡಲೇಬೇಕು! ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಂಬ ಹೆಸರುಗಳನ್ನು ಗಾಂಧಿನಗರದ ಮಂದಿ ಬಸ್ಸಿನ ಬೋರ್ಡಿನ ಮೇಲೆ ಕಂಡಿದ್ದರೆ ಅದೇ ದೊಡ್ಡದು. ಎರೆ ಹೊಲ, ಬಿಸಿಲು, ಧೂಳು... ಇದರಲ್ಲಿ ಕ್ಯಾಮೆರಾ ಎಲ್ಲಿ ಇಡೋದು ಸ್ವಾಮೀ ಅಂತ ಅವರು ಕೇಳಬಹುದು. ಎಲ್ಲೆಲ್ಲಿ ಇಡಬಹುದು ಅನ್ನೋದನ್ನ ನಾನು ಒಂದೇ ದಿನದಲ್ಲಿ ಕಂಡುಬಂದೆ. ಅದೂ ಹುಡುಕಿಕೊಂಡು ಹೋಗಿ ಅಲ್ಲ. ನಾವು ಹೊರಟಿದ್ದು ಸಮುದ್ರಕ್ಕೆ!

ಪಾತ್ರವರ್ಗ

ಗಾಡಿ ನಮ್ಮ ಕಾಕಾನ ಕ್ರೂಸರ್. ನಮ್ಮ ಕಡೆ ಮದುವೆಗೆ, ಜಾತ್ರೆಗೆ, ದವಾಖಾನೆಗೆ, ಕೂಲಿಗೆ, ಎಲ್ಲಕ್ಕೂ ಕ್ರೂಸರೇ ಗತಿ. ಸೀಟು ಹತ್ತೋ ಹನ್ನೆರಡೋ, ಕೂರುವವರು ಇಪ್ಪತ್ತು! ಅವತ್ತು ನಾವು ಒಂಬತ್ತೇ ಜನ. ಡ್ರೈವರ್ ಸೀಟಿನಲ್ಲಿ ನಾನು. ಪಕ್ಕದಲ್ಲಿ ಅಪ್ಪ. ಹಿಂದೆ ಯವ್ವ, ಅಣ್ಣ, ವೈನಿ, ಅವರ ಎರಡು ಹುಡುಗರು. ಸಿಂದಗಿಯಲ್ಲಿ ಅಕ್ಕ ಹತ್ತಬೇಕು, ಮುದ್ದೇಬಿಹಾಳದಲ್ಲಿ ಚಿಗವ್ವ. ಇಂಡಿಯಿಂದ ವಿಜಯಪುರ, ಹುಬ್ಬಳ್ಳಿ ಹಿಡಿದರೆ ಗೋಕರ್ಣ ಸುಮಾರು 400 ಕಿಲೋಮೀಟರು. ನಾವು ಬೀಗರನ್ನು ಹತ್ತಿಸಿಕೊಳ್ಳಲು ಊರೂರು ಸುತ್ತಿ ಹೋಗುವವರು. ಬೆಳಗಿನ 5 ಗಂಟೆಗೆ ಬಿಟ್ಟರೆ ರಾತ್ರಿ ಗೋಕರ್ಣ, ಮರುದಿನ ಸಮುದ್ರಸ್ನಾನ, ಅದರ ಮರುದಿನ ಅಣ್ಣ ಅಲ್ಲಿಂದಲೇ ಉಡುಪಿ ಬಸ್ಸು ಹತ್ತೋದು, ನಾವು ಊರಿಗೆ ತಿರುಗೋದು. ಚಿತ್ರಕಥೆ ಹೀಗಿತ್ತು.

ಅಣ್ಣ ಕಡಲ ಕಡೆ ದುಡಿಲಾಕ ಹೋಗಿ 11 ವರ್ಷ ಆಯಿತು. ಮೊದಲು ಗೋವಾ, ಆಮೇಲೆ ಮಂಗಳೂರು, ಈಗ ಉಡುಪಿ ಕಡೆ. ಕೆಲಸ ಸೆಂಟ್ರಿಂಗ್. ನಮ್ಮ ಈ ನಾಲ್ಕೂ ತಾಲೂಕಿನ ಯಾವುದೇ ಹಳ್ಳಿಗೆ ಹೋಗಿ, ಮನೆಗೊಬ್ಬ ಗೋವಾದಲ್ಲೋ ಮಂಗಳೂರಲ್ಲೋ ಪುಣೆ, ಮುಂಬೈಯಲ್ಲೋ ಸಿಮೆಂಟಿನ ತಟ್ಟೆ ಹೊತ್ತವನು ಸಿಗುತ್ತಾನೆ. ನಿಮಗೆ ಕಡಲು ಅಂದರೆ ಪಿಕ್ನಿಕ್ಕು. ನಮ್ಮವರಿಗೆ ಕಡಲು ಅಂದರೆ ಪಗಾರ.

ಎಳ್ಳಮಾವಾಸ್ಯೆಗೆ ಅಣ್ಣ ಊರಿಗೆ ಬಂದಿದ್ದ. ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ ಉಂಡು ಎಲ್ಲರೂ ಬೇವಿನ ಗಿಡದ ಕೆಳಗೆ ಕೂತಾಗ ಯವ್ವ ಬಾಂಬು ಹಾಕಿದಳು. “ನನ್ನ ಮಗನ್ನ ಹನ್ನೊಂದು ವರ್ಷ ಇಟಗೊಂಡ ಆ ಸಮುದ್ರ ಹೆಂಗೈತಿ, ಒಮ್ಮೆ ನೋಡಬೇಕು ನಾ!”

ಯಾರೂ ನಗಲಿಲ್ಲ. ಯಾಕೆಂದರೆ ಇನ್ನೊಂದು ಮಾತು ಅಲ್ಲೇ ನಮ್ಮ ನಡುವೆ ಕೂತಿತ್ತು. ನಮ್ಮದು ನಾಲ್ಕೆಕರೆ ಹೊಲ, ಅದರಲ್ಲಿ ಎರಡೆಕರೆ ಲಿಂಬಿ ಗಿಡ. ಅಪ್ಪನಿಗೆ ಮೊಣಕಾಲು ಹಿಡಿದು ಎರಡು ವರ್ಷ ಆಯಿತು. “ಹಿರೇ ಮಗ ಬರೂದಿಲ್ಲಂದ್ರ ಲಿಂಬಿ ಹೊಲ ಕೊಟ್ಟಬಿಡ್ತೀನಿ” ಅಂತ ಅವರು ಒಬ್ಬ ಗಿರಾಕಿಗೆ ಅರ್ಧ ಮಾತು ಕೊಟ್ಟಿದ್ದರು. ಗಿರಾಕಿ ಸಂಕ್ರಮಣದ ತನಕ ಕಾಯುತ್ತೇನೆ ಅಂದಿದ್ದ. ನನ್ನ ಕೈಯಲ್ಲಿ ಆಗೋದಿಲ್ಲವೇ ಅಂದಿರಾ? ನಾನು ಹೊಲಕ್ಕಿಂತ ಸ್ಟೇರಿಂಗ್ ಹಿಡಿದದ್ದೇ ಹೆಚ್ಚು ಅಂತ ಅಪ್ಪನ ತೀರ್ಪು!

ಇಂಡಿ: ಲಿಂಬಿ ನಾಡಿನ ಚಹಾ

ಮೊದಲ ಬ್ರೇಕು ಅಪ್ಪನೇ ಹಾಕಿಸಿದರು. ಇಂಡಿ ದಾಟಿ ಸಾಲೋಟಗಿ ಹತ್ತಿರ ಬೆಳಕು ಹರಿಯುತ್ತಿತ್ತು. “ನಿಲ್ಸು, ಚಾ ಕುಡಿಯೂಣು.” ಹೊರಟು ಅರ್ಧ ಗಂಟೆ ಆಗಿಲ್ಲ, ಆಗಲೇ ಚಹಾ! ಆದರೆ ಅಪ್ಪ ನಿಲ್ಲಿಸಿದ್ದು ಚಹಾಕ್ಕಲ್ಲ. ರಸ್ತೆಯ ಆಚೆ ಒಂದು ಲಿಂಬಿ ತೋಟ, ಗಿಡದ ಬುಡ ಸ್ವಚ್ಛ, ಹನಿ ನೀರಿನ ಪೈಪು, ಎಲೆ ಎಲೆಗೂ ಹಸಿರು. ಅದನ್ನು ನೋಡುತ್ತ ನಿಂತರು.

ಇಂಡಿ ಲಿಂಬಿಗೆ ಈಗ ಭೌಗೋಳಿಕ ಗುರುತಿನ ಮುದ್ರೆಯೂ ಬಿದ್ದಿದೆ. ಆದರೆ ಮುದ್ರೆಯಿಂದ ಗಿಡಕ್ಕೆ ನೀರು ಬರುವುದಿಲ್ಲವಲ್ಲ! ಲಿಂಬಿ ವ್ಯವಹಾರ ಸಿನಿಮಾ ವ್ಯವಹಾರದ ಹಾಗೇ. ಬೇಸಿಗೆಯಲ್ಲಿ ಹಣ್ಣು ಕೈಗೆ ಬಂದರೆ ಶತದಿನೋತ್ಸವ, ಮಳೆಗಾಲದಲ್ಲಿ ಬಂದರೆ ಮೊದಲ ಆಟಕ್ಕೇ ಡಬ್ಬಾ. ಬರಗಾಲ ಬಿದ್ದರೆ ಗಿಡ ಉಳಿಸಲು ಟ್ಯಾಂಕರಿನಲ್ಲಿ ನೀರು ಹೊಡೆಸಬೇಕು. ಬೋರು ಕೊರೆಸಬೇಕು, ಹತ್ತಿಲ್ಲದಿದ್ದರೆ ಇನ್ನೊಂದು ಕೊರೆಸಬೇಕು. ಇದೇ ತಾಲೂಕಿನ ಲಚ್ಯಾಣದಲ್ಲಿ 2024ರ ಏಪ್ರಿಲ್‌ನಲ್ಲಿ ಎರಡು ವರ್ಷದ ಕೂಸು ಬೋರಿನ ಕೊಳವೆಯೊಳಗೆ ಜಾರಿ ಬಿದ್ದು, ಸುಮಾರು 20 ತಾಸಿನ ಮೇಲೆ ಜೀವಂತ ಹೊರಗೆ ಬಂದದ್ದು ನಿಮಗೆ ನೆನಪಿರಬೇಕು. ಊರಿಗೆ ಊರೇ ರಾತ್ರಿಯೆಲ್ಲ ನಿಂತಿತ್ತು. ಯಾವ ಕ್ಲೈಮ್ಯಾಕ್ಸ್ ಇದರ ಮುಂದೆ ನಿಲ್ಲುತ್ತದೆ, ಹೇಳಿ.

ಸಾಲೋಟಗಿಗೆ ಇನ್ನೊಂದು ಹೆಸರುವಾಸಿ ಉಂಟು. ಕ್ರಿ.ಶ. 945ರಲ್ಲಿ, ರಾಷ್ಟ್ರಕೂಟರ ಮೂರನೇ ಕೃಷ್ಣನ ಕಾಲದಲ್ಲಿ, ಅವನ ಮಂತ್ರಿ ನಾರಾಯಣ ಎಂಬವನು ಇಲ್ಲಿ ಶಾಲೆ ಕಟ್ಟಿಸಿದ. ಹೊರ ನಾಡುಗಳಿಂದ ಹುಡುಗರು ಬಂದು ಓದುತ್ತಿದ್ದರು, ಅವರಿಗೆ 27 ವಸತಿಗಳು. ದೀಪದ ಎಣ್ಣೆಗೆ ಬೇರೆ ಹೊಲ. ಊರಿನಲ್ಲಿ ಮದುವೆಯಾದರೆ ಶಾಲೆಗೆ ಇಷ್ಟು ಕಾಣಿಕೆ ಎಂದು ಗೊತ್ತುಮಾಡಿ ಶಾಸನ ಬರೆಸಿದ್ದರು. ಸಾವಿರ ವರ್ಷದ ಹಿಂದೆ ಓದಲು ಹುಡುಗರು ಹುಡುಕಿಕೊಂಡು ಬರುತ್ತಿದ್ದ ಊರ ಮುಂದೆ, ದುಡಿಯಲು ಹೊರಟ ನಮ್ಮಣ್ಣ ಬಸಿ ಚಹಾ ಕುಡಿಯುತ್ತಿದ್ದ. ಅವನು ಸಾಲಿ ಬಿಟ್ಟದ್ದು ಎಂಟನೇ ಇಯತ್ತೆಗೆ.

ಸಿಂದಗಿ ರಸ್ತೆ: ಸೀತನಿ ಸೀನು

ಎರಡನೇ ಬ್ರೇಕಿಗೆ ಕಾರಣ ಹೊಗೆ. ಸಿಂದಗಿ ಕಡೆ ಹೋಗುವಾಗ ಎರಡೂ ಬದಿ ಬಿಳಿಜೋಳ ಎದೆಯೆತ್ತರಕ್ಕೆ ನಿಂತಿತ್ತು. ಮಗ್ಗುಲ ಹೊಲದಿಂದ ಒಂದು ಸಣ್ಣ ಹೊಗೆ, ಅದರ ಜೊತೆಗೆ ಒಂದು ವಾಸನೆ. ನಮ್ಮ ಕಡೆಯವರಿಗೆ ಆ ವಾಸನೆ ಹೇಳಿಕೊಡಬೇಕಿಲ್ಲ. “ಸೀತನಿ!” ಅಂತ ಅಣ್ಣನ ಮಕ್ಕಳಲ್ಲ, ಅಣ್ಣನೇ ಕೂಗಿದ.

ಹೊಲದ ಯಜಮಾನ ನಮಗೆ ಗುರುತಿನವನಲ್ಲ. ಆದರೂ ಕೈ ಬೀಸಿ ಕರೆದ. “ಬರ್ರಿ, ಬರ್ರಿ. ಬಿಸಿ ಇದ್ದಾಗ ತಿನ್ರಿ. ಎಲ್ಲಿಗ್ಹೊಂಟೀರಿ?” ಸಮುದ್ರ ನೋಡಲಿಕ್ಕೆ ಅಂದಾಗ ಆ ಮನುಷ್ಯ ಒಮ್ಮೆ ಸಿಂದಗಿ ದಿಕ್ಕು, ಒಮ್ಮೆ ನಮ್ಮ ಮುಖ ನೋಡಿದ. “ಈ ರಸ್ತೇಲೆ?” ಅಂದ!

ಸೀತನಿ ಗೊತ್ತಿಲ್ಲದ ಬೆಂಗಳೂರು ಮಿತ್ರರಿಗೆ ಎರಡು ಮಾತು. ಜೋಳದ ಕಾಳು ಇನ್ನೂ ಹಾಲು ಹಿಡಿದು ಎಳೆಯದಾಗಿರುವಾಗ ತೆನೆ ಮುರಿದು, ಕುಳ್ಳಿನ ಕೆಂಡದಲ್ಲಿ ಸುಟ್ಟು, ಬಿಸಿ ಬಿಸಿ ಇರುವಾಗಲೇ ತಿಕ್ಕಿ ಕಾಳು ಬಿಡಿಸಿ, ಹೊಟ್ಟು ಊದಿ ತಿನ್ನಬೇಕು. ಜೊತೆಗೆ ಶೇಂಗಾ ಚಟ್ನಿ, ಬೆಲ್ಲ, ಮೊಸರು. ವರ್ಷದಲ್ಲಿ ಕೆಲವೇ ವಾರದ ಭಾಗ್ಯ. ಕಾಳು ಬಲಿತರೆ ಮುಗಿಯಿತು. ಇದನ್ನು ಡಬ್ಬಿಯಲ್ಲಿ ಹಾಕಿ ಮಾರಲು ಬರುವುದಿಲ್ಲ. ಹೊಲಕ್ಕೇ ಬರಬೇಕು, ಬೆಂಕಿಯ ಮುಂದೆಯೇ ಕೂರಬೇಕು.

ತೆನೆ ತಿಕ್ಕಲು ಅಣ್ಣನೂ ಕೂತ. ಅವನ ಅಂಗೈ ನೋಡಿದೆ. ಸಿಮೆಂಟು ತಿಂದು ಬೆರಳ ಸಂದಿಗಳೆಲ್ಲ ಬಿರಿದಿದ್ದವು. ಕಬ್ಬಿಣದ ಸಳಿ ಕಟ್ಟಿ ಕಟ್ಟಿ ಬಲಗೈ ಹೆಬ್ಬೆರಳು ಒಂದು ಕಡೆ ವಾಲಿತ್ತು. ಆದರೆ ತಿಕ್ಕುವ ವರಸೆ ಮರೆತಿರಲಿಲ್ಲ. ಅಪ್ಪ ಅವನ ಕೈಯನ್ನೇ ನೋಡುತ್ತಿದ್ದರು. ಏನೂ ಅನ್ನಲಿಲ್ಲ. ಯವ್ವ ಸಣ್ಣ ದನಿಯಲ್ಲಿ ಬೀಸುಕಲ್ಲಿನ ಹಾಡು ಗುನುಗಿದಳು. ಇಂಥ ಹಾಡುಗಳನ್ನೇ ಅಲ್ಲವೇ ನಮ್ಮ ಹಲಸಂಗಿಯ ಗೆಳೆಯರು ಮನೆ ಮನೆಗೆ ಹೋಗಿ ಬರೆದುಕೊಂಡದ್ದು? ಮಧುರಚೆನ್ನ, ಸಿಂಪಿ ಲಿಂಗಣ್ಣ, ಪಿ. ಧೂಲಾಸಾಹೇಬ, ಕಾಪಸೆ ರೇವಪ್ಪ. ಹಳೆಯ ಇಂಡಿ ತಾಲೂಕಿನ ಹಳ್ಳಿಯಲ್ಲಿ ಕೂತು ಇವರು ಹೊರತಂದ ‘ಗರತಿಯ ಹಾಡು’ 1931ರಲ್ಲಿ ಬಂತು. ಇವತ್ತು ಸಿನಿಮಾದಲ್ಲಿ ಜಾನಪದ ಹಾಡು ಹಿಟ್ಟಾದಾಗ ಕುಣಿಯುವ ನಾವು ಈ ನಾಲ್ಕು ಹೆಸರು ನೆನೆಯಬೇಕು.

ಹೊರಡುವಾಗ ಯಜಮಾನನಿಗೆ ರೊಕ್ಕ ಕೊಡಲು ಹೋದರೆ ಸಿಟ್ಟಾದ. ವೈನಿ ಬುತ್ತಿಯಿಂದ ನಾಲ್ಕು ಶೇಂಗಾ ಹೋಳಿಗೆ ಕೊಟ್ಟಳು. ಲೆಕ್ಕ ಚುಕ್ತಾ. ಗಡಿಯಾರ ನೋಡಿದರೆ ಒಂಬತ್ತೂವರೆ!

ಸಿಂದಗಿಯಲ್ಲಿ ಅಕ್ಕನ ಮನೆ ಉಪ್ಪಿಟ್ಟು, ಮತ್ತೆ ಒಂದು ತಾಸು. ನಿಜಾಮನ ವಿರುದ್ಧ ಹೈದರಾಬಾದ್ ವಿಮೋಚನೆಗೆ ಹೋರಾಡಿದ ಸ್ವಾಮಿ ರಮಾನಂದ ತೀರ್ಥರು 1903ರಲ್ಲಿ ಹುಟ್ಟಿದ್ದು ಈ ಸಿಂದಗಿ ನೆಲದಲ್ಲಿ. ವಚನಗಳ ಸಂಶೋಧಕ ಎಂ. ಎಂ. ಕಲಬುರ್ಗಿಯವರು ಹುಟ್ಟಿದ ಯರಗಲ್ಲೂ ಇದೇ ತಾಲೂಕು. ಮುಂದೆ ದೇವರ ಹಿಪ್ಪರಗಿ, ಮಡಿವಾಳ ಮಾಚಿದೇವನ ಊರು. ಶರಣರ ಬಟ್ಟೆ ಒಗೆದು, ರಾಜ ಬಿಜ್ಜಳನಿಗೂ ಹೆದರದ ಮಾಚಿದೇವನ ಕಥೆ ಯಾವ ಆ್ಯಂಗ್ರಿ ಯಂಗ್ ಮ್ಯಾನ್ ಪಾತ್ರಕ್ಕೆ ಕಡಿಮೆ? ಅಲ್ಲಿ ಕೈ ಮುಗಿದು ಗಾಡಿ ತಾಳಿಕೋಟೆ ಕಡೆ ಓಡಿಸಿದೆ.

ತಾಳಿಕೋಟೆ: ಟೈಟಲ್ ಒಂದು ಊರಿನದು, ಶೂಟಿಂಗ್ ಇನ್ನೊಂದು ಊರಲ್ಲಿ!

ಮೂರನೇ ಬ್ರೇಕು ಡೋಣಿ ನದಿಗೆ. ಹುಡುಗರು ನೀರು ಕಂಡು ಕೂಗಿದರು, “ಸಮುದ್ರ ಬಂತು!” ಡೋಣಿ ನೋಡಲು ಹಳ್ಳದ ಹಾಗೆ. ಆದರೆ ಮುನಿದರೆ ಸೇತುವೆ ಮುಳುಗಿಸಿ ಹೊಲ ಕೊಚ್ಚಿಕೊಂಡು ಹೋಗುತ್ತದೆ. ಒಲಿದರೆ ಓಣಿ ಓಣಿಗೆ ಕಾಳು ತುಂಬುತ್ತದೆ ಅಂತ ನಮ್ಮ ಹಿರಿಯರ ಮಾತು. ಚಳಿಗಾಲದಲ್ಲಿ ಮಾತ್ರ ಸುಮ್ಮನೆ ಮಲಗಿರುತ್ತದೆ.

ತಾಳಿಕೋಟೆ ಅಂದಕೂಡಲೇ ಶಾಲೆಯ ಇತಿಹಾಸ ಪುಸ್ತಕ ನೆನಪಾಗುತ್ತದೆ. 1565ರ ಜನವರಿ 23, ವಿಜಯನಗರದ ಅಳಿಯ ರಾಮರಾಯ ಒಂದು ಕಡೆ, ಸುಲ್ತಾನರ ಕೂಟ ಇನ್ನೊಂದು ಕಡೆ. ಆದರೆ ಕಾಳಗ ನಡೆದದ್ದು ತಾಳಿಕೋಟೆ ಪೇಟೆಯಲ್ಲಲ್ಲ, ದೂರದ ಕೃಷ್ಣಾ ತೀರದಲ್ಲಿ. ಅದಕ್ಕೇ ರಕ್ಕಸಗಿ–ತಂಗಡಗಿ ಯುದ್ಧ ಅಂತಲೂ ಹೆಸರು. ನಮ್ಮ ಗಾಂಧಿನಗರದವರು ಕಥೆ ನಡೆಯುವುದು ಒಂದೂರು, ಶೂಟಿಂಗ್ ಇನ್ನೊಂದೂರು ಮಾಡುತ್ತಾರಲ್ಲ, ಇತಿಹಾಸ ಅದನ್ನು ನಾನೂರೈವತ್ತು ವರ್ಷದ ಹಿಂದೆಯೇ ಮಾಡಿತ್ತು! ರಾಮರಾಯ ಬಿದ್ದ, ಹಂಪಿ ಹಾಳಾಯಿತು. ಆ ಹಂಪಿಯ ಕಲ್ಲಿನ ಮುಂದೆ ಎಷ್ಟು ಹಾಡು ಚಿತ್ರೀಕರಣವಾಗಿವೆ, ಲೆಕ್ಕ ಇಟ್ಟವರುಂಟೇ? ಅದರ ಹಣೆಬರಹ ಬರೆದ ಈ ನದೀತೀರಕ್ಕೆ ಮಾತ್ರ ಕ್ಯಾಮೆರಾದವರ ಗಾಡಿ ತಿರುಗೋದು ಅಪರೂಪ.

ಮುದ್ದೇಬಿಹಾಳ: ಮಂಗಳೂರು ಬೋರ್ಡಿನ ಬಸ್ಸು

ಚಿಗವ್ವ ಬಸ್ ಸ್ಟ್ಯಾಂಡಿನಲ್ಲಿ ನಿಂತಿರ್ತೀನಿ ಅಂದಿದ್ದಳು. ಅಣ್ಣ ಗಾಡಿ ಇಳಿದದ್ದೇ ತಡ, “ಏ, ಯಾವಾಗ ಬಂದಿ?” ಅಂತ ಎರಡು ಕಡೆಯಿಂದ ಕೂಗು. ಅವನ ಜೊತೆ ದುಡಿದವರು. ರಾತ್ರಿಯ ಮಂಗಳೂರು ಬಸ್ಸಿಗೆ ಮಧ್ಯಾಹ್ನವೇ ಬಂದು ಕೂತಿದ್ದರು. ಸುತ್ತ ಜೋಳದ ಚೀಲ, ಬಟ್ಟೆಯಲ್ಲಿ ಕಟ್ಟಿದ ಕಟಕ ರೊಟ್ಟಿಯ ಗಂಟು, ಖಾರದ ಪುಡಿ, ಹಾಸಿಗೆ ಸುರುಳಿ, ನಿದ್ದೆಗಣ್ಣಿನ ಮಕ್ಕಳು. ಊರನ್ನೇ ಚೀಲದಲ್ಲಿ ಕಟ್ಟಿಕೊಂಡು ಹೋಗುವ ಹಾಗೆ.

ನಾನು ಪುಸ್ತಕದಂಗಡಿಯಲ್ಲಿ ನಮ್ಮ ವಾರಪತ್ರಿಕೆ ಕೊಂಡು ಹಾಳೆ ತಿರುವುತ್ತಿದ್ದೆ. ಆ ಬೋರ್ಡು ನೋಡಿದಾಗ ಶಂಕರ್‌ನಾಗ್ ನೆನಪಾದರು. ನಮ್ಮವರು ಹೊಟ್ಟೆಪಾಡಿಗೆ ಇಲ್ಲಿಂದ ಕಡಲಿಗೆ ಹೋಗುತ್ತಾರೆ. ಅವರು ಕಡಲಿನ ಹೊನ್ನಾವರ ಕಡೆ ಹುಟ್ಟಿ, ಸಿನಿಮಾಕ್ಕಾಗಿ ನಮ್ಮ ಕಡೆ ಹೊರಟವರು. ‘ಜೋಕುಮಾರಸ್ವಾಮಿ’ ಚಿತ್ರೀಕರಣಕ್ಕೆ ಆಗಿನ ವಿಜಾಪುರ ಜಿಲ್ಲೆಯ ಲೋಕಾಪುರಕ್ಕೆ ಬರುತ್ತಿದ್ದಾಗ, 1990ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ದಾವಣಗೆರೆ ಹತ್ತಿರದ ಆನಗೋಡಿನಲ್ಲಿ ಅವರ ಕಾರು ಅಪಘಾತಕ್ಕೆ ಸಿಕ್ಕಿತು. ವಯಸ್ಸು ಇನ್ನೂ 36 ತುಂಬಿರಲಿಲ್ಲ. ಇಲ್ಲಿಯ ಹಳೆಯ ಆಟೋಗಳ ಹಿಂದೆ ಇವತ್ತಿಗೂ ಅವರ ಚಿತ್ರ ಇದೆ. ಬಂದು ಮುಟ್ಟದ ಅತಿಥಿಗೆ ನಮ್ಮ ಜನ ಕೊಟ್ಟ ಮರ್ಯಾದೆ ಅದು.

ಅಣ್ಣ ತಿರುಗಿ ಬಂದಾಗ ಮುಖ ಸಣ್ಣದಾಗಿತ್ತು. “ಅವರ ಪೈಕಿ ಒಬ್ಬಾಂವ ಹೊಲ ಮಾರ್ಯಾನಂತ. ಇನ್ನ ಊರಿಗೆ ಬರೂ ಕೆಲಸಿಲ್ಲ ಅಂದ” ಅಂತ ನನ್ನ ಕಿವಿಯಲ್ಲಿ ಹೇಳಿದ. ವೈನಿಗೆ ಕೇಳಿಸಿತು. “ಮಾರ್ಲಿಲ್ಲಂದ್ರ ಹುಡುಗರ ಸಾಲಿ ಫೀ ಯಾರ್ ಕಟ್ತಾರ? ಅಲ್ಲಿ ಕೂಲಿ ಒಂದ್ ದಿನಾನೂ ತಪ್ಪೂದಿಲ್ಲ” ಅಂದಳು. ವೈನಿಯದೂ ಸುಳ್ಳಲ್ಲ. ಅಲ್ಲಿ ಅವಳೂ ದುಡಿಯುತ್ತಾಳೆ, ಹುಡುಗರು ಅಲ್ಲಿಯ ಸಾಲಿಯಲ್ಲಿ ಛಲೋ ಓದುತ್ತಾರೆ.

ತಂಗಡಗಿ: ನಡುದಾರಿಯಲ್ಲಿ ನಿಂತ ನೀಲಮ್ಮ

ಚಿಗವ್ವ ಹತ್ತಿದ್ದೇ ಡೈರೆಕ್ಟರ್ ಬದಲಾದ ಹಾಗಾಯಿತು! “ಇಷ್ಟ ದೂರ ಬಂದು ನೀಲಮ್ಮನ ಗುಡಿಗೆ ಹೋಗದ ಹೋಗ್ತೀರೇನು?” ಗಾಡಿ ತಂಗಡಗಿಗೆ ತಿರುಗಿತು.

ಕೃಷ್ಣೆಯ ದಂಡೆಯಲ್ಲಿ ಬಸವಣ್ಣನವರ ಮಡದಿ ನೀಲಾಂಬಿಕೆಯ ಗುಡಿ. ಕಲ್ಯಾಣದಲ್ಲಿ ಗದ್ದಲವಾದ ಮೇಲೆ ಬಸವಣ್ಣನವರು ಕೂಡಲಸಂಗಮಕ್ಕೆ ಬಂದರು. ಅಲ್ಲಿಂದ ನೀಲಮ್ಮನಿಗೆ ಕರೆ ಕಳಿಸಿದರು. ಆಕೆ ಹೊರಟು ಇಲ್ಲಿಗೆ ಬರುವಷ್ಟರಲ್ಲಿ ಅವರು ಲಿಂಗೈಕ್ಯರಾದ ಸುದ್ದಿ ಬಂತು. ಆಕೆ ಮುಂದೆ ಹೋಗಲಿಲ್ಲ. ಅಲ್ಲಿದ್ದ ದೇವರು ಇಲ್ಲಿಯೂ ಇದ್ದಾನೆ ಎಂದು ಈ ದಂಡೆಯಲ್ಲೇ ಕೂತು ಐಕ್ಯಳಾದಳು ಎಂಬುದು ನಮ್ಮ ಜನ ಹೇಳಿಕೊಂಡು ಬಂದ ಕಥೆ. ಹೊಳೆಯ ಆಚೆ ದಂಡೆಯ ಕಡೆಯೇ ಕೃಷ್ಣೆ–ಮಲಪ್ರಭೆ ಕೂಡುವ ಕೂಡಲಸಂಗಮ.

ಇದನ್ನು ಚಿಗವ್ವ ಹುಡುಗರಿಗೆ ಹೇಳುತ್ತಿದ್ದಾಗ ಯವ್ವ ಗುಡಿಯ ಮೆಟ್ಟಿಲ ಮೇಲೆ ಕೂತು ಹೊಳೆಯನ್ನೇ ನೋಡುತ್ತಿದ್ದಳು. ಆಮೇಲೆ ನನ್ನನ್ನು ಕರೆದು ಕೇಳಿದಳು: “ತಮ್ಮಾ, ಆಲಮಟ್ಟಿ ಹಾದಿ ಮ್ಯಾಲೇ ಬರ್ತೈತಲ್ಲ?”

ಆಲಮಟ್ಟಿ: ಯವ್ವನ ಕಡಲು

ನಿಡಗುಂದಿ ದಾಟಿ ಆಲಮಟ್ಟಿ ಹಿನ್ನೀರಿನ ದಂಡೆಗೆ ಬಂದಾಗ ಸಂಜೆ ಐದೂವರೆ. ಹುಡುಗರು ಮೂರನೇ ಸಲ ಕೂಗಿದರು, “ಸಮುದ್ರ!” ಈ ಸಲ ಯಾರೂ ನಗಲಿಲ್ಲ, ಯಾಕೆಂದರೆ ಆಚೆ ದಂಡೆ ಕಾಣುತ್ತಿರಲಿಲ್ಲ. ಪಶ್ಚಿಮಕ್ಕೆ ಬರೀ ನೀರು, ನೀರಿನ ಮೇಲೆ ಇಳಿಯುತ್ತಿರುವ ಸೂರ್ಯ. ಸಣ್ಣ ಸಣ್ಣ ತೆರೆ ಬಂದು ಎರೆಮಣ್ಣಿನ ದಂಡೆಗೆ ಬಡಿಯುತ್ತಿತ್ತು. ಚಳಿಗಾಲದಲ್ಲಿ ಈ ಹಿನ್ನೀರಿಗೆ ಫ್ಲೆಮಿಂಗೊ ಹಕ್ಕಿಗಳೂ ಬರುತ್ತವೆ. ಛಾಯಾಗ್ರಾಹಕ ಮಿತ್ರರೆ, ಇದಕ್ಕಿಂತ ಲೈಟಿಂಗ್ ಬೇಕೇ?

ಲಾಲ್ ಬಹದ್ದೂರ್ ಶಾಸ್ತ್ರಿಯವರು ಇಲ್ಲಿ ಅಡಿಗಲ್ಲು ಇಟ್ಟದ್ದು 1964ರ ಮೇ 22. ಐದು ದಿನಕ್ಕೆ ನೆಹರೂ ತೀರಿಕೊಂಡರು, ಮುಂದಿನ ತಿಂಗಳು ಶಾಸ್ತ್ರಿಯವರೇ ಪ್ರಧಾನಿ. ಜಲಾಶಯಕ್ಕೆ ಅವರದೇ ಹೆಸರು. ಅಡಿಗಲ್ಲಿನಿಂದ ಲೋಕಾರ್ಪಣೆಗೆ 42 ವರ್ಷ ಹಿಡಿಯಿತು. ರಾಷ್ಟ್ರಪತಿ ಅಬ್ದುಲ್ ಕಲಾಂ ಬಂದದ್ದು 2006ರ ಆಗಸ್ಟ್ 21ರಂದು. ಈಗ ನೀರು ನಿಲ್ಲುವುದು 519.60 ಮೀಟರ್ ಮಟ್ಟಕ್ಕೆ. ಅದನ್ನು 524.256ಕ್ಕೆ ಏರಿಸಲು 2010ರಲ್ಲಿ ನ್ಯಾಯಮಂಡಳಿ ಒಪ್ಪಿದೆ. ಏರಿದರೆ ಇನ್ನಷ್ಟು ಊರು, ಇನ್ನಷ್ಟು ಹೊಲ ನೀರಿಗೆ. ನೀರು ಬಂದ ಕಡೆ ಕಬ್ಬು ಬಂತು, ಬೆಳಕು ಬಂತು. ಹಳೆಯ ಬಾಗಲಕೋಟೆಯ ಓಣಿಗಳು ಮುಳುಗಿದವು, ನವನಗರ ಎದ್ದಿತು. ಎರಡೂ ಸತ್ಯ.

ಆ ನೀರಿನಾಚೆ ಬೀಳಗಿ. ಅಮೀರಬಾಯಿ ಕರ್ನಾಟಕಿ ಹುಟ್ಟಿದ ಊರು. 1943ರ ‘ಕಿಸ್ಮತ್’ ಚಿತ್ರಕ್ಕೆ ಹಾಡಿದಾಕೆ. ಆ ಚಿತ್ರ ಕಲ್ಕತ್ತೆಯ ಒಂದೇ ಥಿಯೇಟರಿನಲ್ಲಿ ಮೂರು ವರ್ಷಕ್ಕೂ ಹೆಚ್ಚು ಓಡಿತು. ನಮ್ಮ ಈ ಒಣ ನೆಲದ ದನಿಯನ್ನು ಇಡೀ ಹಿಂದುಸ್ತಾನ ಕೇಳಿತು, ಅದೂ ಹೆಸರಿನ ಜೊತೆಗೇ ‘ಕರ್ನಾಟಕಿ’ ಅಂತ ಊರಿನ ಗುರುತು ಹೊತ್ತುಕೊಂಡು.

ಇಷ್ಟೆಲ್ಲ ನಾನು ಹುಡುಗರಿಗೆ ಹೇಳುತ್ತಿದ್ದರೆ ಯವ್ವ, ಚಿಗವ್ವ ಇಬ್ಬರೂ ಕೈ ಹಿಡಿದುಕೊಂಡು ನೀರಿನಂಚಿಗೆ ಹೋಗಿಬಿಟ್ಟಿದ್ದರು. ಅವರ ತವರು ಈ ನೀರಿನ ಕೆಳಗಿದೆ. ಹಳೆಯ ಬಸವನ ಬಾಗೇವಾಡಿ ತಾಲೂಕಿನ ಹೊಳೆದಂಡೆಯ ಹಳ್ಳಿ. ಊರು ಎದ್ದ ಮೇಲೆ ಯವ್ವ ಈ ಕಡೆ ಒಮ್ಮೆಯೂ ಬಂದಿರಲಿಲ್ಲ.

“ಅಲ್ಲಿ ನಮ್ಮ ಮನಿ,” ಅಂದಳು ಬೆರಳು ಮಾಡಿ. ನಮಗೆ ಕಂಡದ್ದು ನೀರು. “ಅದರ ಬಾಜೂಕ ಬೇವಿನ ಗಿಡ. ಅದರ ಕೆಳಗ ಇಕಿ ತೊಟ್ಟಲಾ ಕಟ್ಟಿದ್ರು.” ಚಿಗವ್ವ ಸೆರಗಿನಲ್ಲಿ ಮೂಗು ಒರೆಸಿಕೊಂಡಳು. “ಅಪ್ಪಗ ಪರಿಹಾರದ ರೊಕ್ಕ ಬಂತು. ಎರಡು ಮದುವಿ ಆದ್ವು, ಒಂದು ಟ್ರ್ಯಾಕ್ಟರ್ ಬಂತು, ಟ್ರ್ಯಾಕ್ಟರ್ ಹೋತು. ಮೂರು ವರ್ಷದಾಗ ರೊಕ್ಕ ಎಲ್ಲಿ ಅಂದ್ರ ಯಾರಿಗೂ ಗೊತ್ತಿಲ್ಲ” ಅಂದಳು ಯವ್ವ. ಆಮೇಲೆ ಹಿಂತಿರುಗಿ ನೋಡದೆಯೇ ಮಾತು ಮುಂದುವರಿಸಿದಳು. “ನಮ್ಮ ಹೊಲ ನೀರಾಗ ಹೋತು, ಬಿಡು. ನಮ್ಮ ಕೈಯಾಗ ಇರಲಿಲ್ಲ. ಕೈಯಾಗಿದ್ದ ಹೊಲ ಯಾಕ್ ಕೊಡಬೇಕು?”

ಅದು ಅಪ್ಪನಿಗೆ ಹೇಳಿದ್ದೋ ಅಣ್ಣನಿಗೆ ಹೇಳಿದ್ದೋ ಗೊತ್ತಾಗಲಿಲ್ಲ. ಇಬ್ಬರೂ ನೀರು ನೋಡುತ್ತ ನಿಂತರು.

ನಾನು ಗಡಿಯಾರ ತೋರಿಸಿದೆ. ಗೋಕರ್ಣ ಇನ್ನೂ ಆರೇಳು ತಾಸಿನ ಹಾದಿ. ರಾತ್ರಿ ಘಟ್ಟ ಇಳಿಯಬೇಕು, ಹುಡುಗರು ಆಗಲೇ ತೂಕಡಿಸುತ್ತಿದ್ದರು. “ಹೋಗೂಣೇನು?” ಅಂದೆ.

ಅಣ್ಣ ಬಾಯಿಬಿಟ್ಟ. “ಯವ್ವಾ, ಹನ್ನೊಂದು ವರ್ಷದಾಗ ನಾ ಸಮುದ್ರ ನೋಡಿದ್ದು ಎಂಟನೇ ಮಾಳಿಗಿ ಮ್ಯಾಗ ನಿಂತು. ಕಟ್ಟಡ ಮುಗಿದ್ರ ಇನ್ನೊಂದ್ ಕಟ್ಟಡ. ಕಾಲ್ ತೋಯಿಸಿಕೊಂಡಿಲ್ಲ ಒಂದ್ ದಿನಾನೂ. ನಿನಗೇನ್ ತೋರಿಸಲಿ ನಾ?”

ಯವ್ವ ಚಪ್ಪಲಿ ಬಿಟ್ಟು ಮೊಣಕಾಲ ತನಕ ನೀರಿಗಿಳಿದಳು. “ಬಾ ಇಲ್ಲಿ, ಇದರಾಗ ತೋಯಿಸ್ಕೋ. ನನ್ನ ತವರಿನ ನೀರಿದು.” ಅಣ್ಣ ಪ್ಯಾಂಟು ಮಡಚಿ ಇಳಿದ. ಹುಡುಗರು ಇಳಿದರು, ಅಕ್ಕ ಇಳಿದಳು, ಕೊನೆಗೆ ಮೊಣಕಾಲು ಹಿಡಿದ ಅಪ್ಪನೂ ನನ್ನ ಹೆಗಲು ಹಿಡಿದು ಇಳಿದರು. ದಂಡೆಯಲ್ಲಿ ಕುಡಿಕೆ ಮೊಸರು ಮಾರುವ ಮುದುಕಿ ನಮ್ಮನ್ನು ನೋಡಿ ನಕ್ಕಳು. ಕೊಲ್ಹಾರದ ಮೊಸರು, ಕುಡಿಕೆ ಬೋರಲು ಹಾಕಿದರೂ ಬೀಳುವುದಿಲ್ಲ. ಉಳಿದ ರೊಟ್ಟಿ, ಶೇಂಗಾ ಚಟ್ನಿ, ಆ ಮೊಸರು. ಕತ್ತಲಾಗುವ ತನಕ ಅಲ್ಲೇ ಕೂತೆವು.

ಬಸವನ ಬಾಗೇವಾಡಿ: ಬೆಳಗಿನ ಆಟ

ಗಾಡಿ ಪಶ್ಚಿಮಕ್ಕೆ ಹೋಗದೆ ಉತ್ತರಕ್ಕೆ ತಿರುಗಿತು. ರಾತ್ರಿ ಚಿಗವ್ವನ ಬೀಗರ ಮನೆಯಲ್ಲಿ ಮಲಗಿ, ಬೆಳಗಿನ ಜಾವ ಬಸವೇಶ್ವರ ಗುಡಿಗೆ ಹೋದೆವು. ಬಸವಣ್ಣನವರು ಹುಟ್ಟಿದ ಊರು ಇದು. ಹತ್ತಿರದ ಇಂಗಳೇಶ್ವರ ಅವರ ತಾಯಿ ಮಾದಲಾಂಬಿಕೆಯ ತವರು.

ನಮ್ಮ ಚಿತ್ರರಂಗ ಈ ಊರಿನ ಋಣ ಸ್ವಲ್ಪ ತೀರಿಸಿದೆ ಅನ್ನಿ. 1959ರ ‘ಜಗಜ್ಯೋತಿ ಬಸವೇಶ್ವರ’ದಲ್ಲಿ ಹೊನ್ನಪ್ಪ ಭಾಗವತರ್ ಬಸವಣ್ಣ, ನಮ್ಮ ಅಣ್ಣಾವ್ರು ಬಿಜ್ಜಳ! 1983ರ ‘ಕ್ರಾಂತಿಯೋಗಿ ಬಸವಣ್ಣ’ದಲ್ಲಿ ಅಶೋಕ್. ಅದಕ್ಕೂ ಮೊದಲೇ ಏಣಗಿ ಬಾಳಪ್ಪನವರು ರಂಗದ ಮೇಲೆ ಬಸವಣ್ಣನಾಗಿ ಬಂದರೆ ಜನ ಕೈ ಮುಗಿಯುತ್ತಿದ್ದರು ಎಂದು ನಮ್ಮ ಮುತ್ಯಾ ಹೇಳುತ್ತಿದ್ದ.

ಗುಡಿಯ ಕಟ್ಟೆಯ ಮೇಲೆ ಅಣ್ಣ ಅಪ್ಪನ ಪಕ್ಕ ಕೂತ. ನಾನು ಸ್ವಲ್ಪ ದೂರ ನಿಂತಿದ್ದೆ, ಆದರೂ ಕೇಳಿಸಿತು. “ಯುಗಾದಿ ತನಕ ತಡಿ ಯಪ್ಪಾ. ಹೊಲ ಕೊಡಬ್ಯಾಡ. ಹುಡುಗರ ಪರೀಕ್ಷಾ ಮುಗೀಲಿ, ಬಂದು ನೋಡ್ತೀನಿ.” ಬರ್ತೀನಿ ಅನ್ನಲಿಲ್ಲ. ಬಂದು ನೋಡ್ತೀನಿ ಅಂದ. ಅಪ್ಪ ಗಿರಾಕಿಗೆ ಅಲ್ಲಿಂದಲೇ ಫೋನು ಹಚ್ಚಿದರು. ವೈನಿ ಒಂದು ಮಾತೂ ಆಡಲಿಲ್ಲ. ಆದರೆ ಬಸ್ಸು ಹತ್ತುವಾಗ ನಮ್ಮ ತೋಟದ ಲಿಂಬಿ ಹಣ್ಣಿನ ಚೀಲವನ್ನು ತಾನೇ ಎತ್ತಿ ಮಡಿಲಲ್ಲಿ ಇಟ್ಟುಕೊಂಡಳು.

ಓದುಗ ಮಿತ್ರರೆ, ನಿಮಗೂ ಈ ಸುತ್ತು ಹೊಡೆಯಬೇಕೆನಿಸಿದರೆ ಡಿಸೆಂಬರ್ ಕೊನೆಯಿಂದ ಜನವರಿ ತನಕ ಬನ್ನಿ. ಸೀತನಿ ಇರುತ್ತದೆ, ಬಿಸಿಲು ಕಡಿಮೆ. ಇಂಡಿ, ಸಿಂದಗಿ, ತಾಳಿಕೋಟೆ, ಮುದ್ದೇಬಿಹಾಳ, ಆಲಮಟ್ಟಿ, ಬಾಗೇವಾಡಿ ಎಲ್ಲ ಕಡೆ ಬಸ್ಸುಂಟು. ಎರಡು ದಿನ ಇಟ್ಟುಕೊಳ್ಳಿ, ಯಾಕೆಂದರೆ ಯಾರಾದರೂ ಕೈ ಬೀಸಿ ಕರೆಯುತ್ತಾರೆ.

ಮರುದಿನ ಅಣ್ಣ ಮೊಬೈಲಿಗೆ ವೀಡಿಯೊ ಕಳಿಸಿದ. ಮಲ್ಪೆಯ ಮರಳು, ಹುಡುಗರ ಕುಣಿತ, ಅಣ್ಣನ ಎರಡು ಪಾದ, ಅದರ ಮೇಲೆ ಅಲೆ. ಹನ್ನೊಂದು ವರ್ಷದಲ್ಲಿ ಮೊದಲ ಸಲ. ಯವ್ವ ಎರಡು ಸಲ ಹಚ್ಚಿಸಿ ನೋಡಿದಳು.

“ದೊಡ್ಡದೈತಿ ಬಿಡು,” ಅಂದಳು. “ಆದ್ರ ನೀರು ಉಪ್ಪಂತಲ್ಲ. ಅದರಾಗ ಏನ್ ಬೆಳೀತೈತಿ?”